ಏಷ್ಯನ್ ಗೇಮ್ಸ್‌ನ ಫುಟ್‌ಬಾಲ್ ನಮ್ಮವರಿಗೆ ಯಾಕೆ ಬೇಡ?

ಬಂದರು ಹುಡುಗ, ಮಂಗಳೂರು

ಸುಮಾರು ದಿನದಿಂದ ಮನಸ್ಸಲ್ಲಿ ಉಳಿದ ಒಂದು ವಿಷಯ, ಇಲ್ಲಿ ಹಾಕ್ತಾ ಇದ್ದೇನೆ.

2023ರ ಸೆಪ್ಟೆಂಬರ್ 19. ಊರಲ್ಲಿ ಚೌತಿಯ ಗೌಜಿ. ಸಂಜೆ ಐದು ಗಂಟೆಗೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತ–ಚೀನಾ ಫುಟ್‌ಬಾಲ್ ಇತ್ತು. ಮನೆ ತುಂಬಾ ನೆಂಟರು, ಟಿವಿ ನನ್ನ ಕೈಗೆ ಸಿಗುವ ಹಾಗಿರಲಿಲ್ಲ. ಹಾಗಾಗಿ ನಾವು ಕೆಲವರು ಸೇರುವ ಒಂದು ಕ್ಲಬ್ಬಿನ ರೂಮಿಗೆ ಹೋದೆ. ಹತ್ತು ಹದಿನೈದು ಜನ ಇದ್ದರು. ಎರಡು ದಿನ ಮೊದಲೇ ಮುಗಿದಿದ್ದ ಏಷ್ಯಾ ಕಪ್ ಕ್ರಿಕೆಟ್ ಫೈನಲ್, ಸಿರಾಜ್ ಆರು ವಿಕೆಟ್ ತೆಗೆದ ಮ್ಯಾಚ್, ಅದನ್ನೇ ಮತ್ತೆ ತೋರಿಸ್ತಾ ಇದ್ದರು. "ಇಂಡಿಯಾದ ಮ್ಯಾಚ್ ಶುರುವಾಗ್ತದೆ, ಸ್ವಲ್ಪ ಚಾನೆಲ್ ಬದಲಾಯಿಸುವಾ" ಅಂದೆ. ಒಬ್ಬರು ತಿರುಗಿ "ಯಾವ ಇಂಡಿಯಾ?" ಅಂತ ಕೇಳಿದರು. ತಮಾಷೆಗೆ ಅಲ್ಲ. ನಿಜವಾಗಿ ಅವರಿಗೆ ಗೊತ್ತಿರಲಿಲ್ಲ.

ಹೊರಗೆ ಮೆಟ್ಟಿಲಲ್ಲಿ ಕೂತು ಮೊಬೈಲಲ್ಲಿ ನೋಡಿದೆ. ಚೀನಾ ಮೊದಲು ಗೋಲು ಹೊಡೆಯಿತು. ನಮ್ಮ ಗೋಲಿ ಗುರ್ಮೀತ್ ಒಂದು ಪೆನಾಲ್ಟಿ ತಡೆದ. ಇನ್ನೇನು ಮೊದಲಾರ್ಧ ಮುಗಿಯಬೇಕು ಅನ್ನುವಾಗ ರಾಹುಲ್ ಕೆ.ಪಿ. ಬಲಗಡೆಯಿಂದ ನುಗ್ಗಿ, ಎದುರಿಗೆ ಗೋಲಿ, ಪಕ್ಕಕ್ಕೆ ಗೆರೆ, ಚೆಂಡು ಹೋಗ್ಲಿಕ್ಕೆ ಜಾಗವೇ ಕಾಣದಂಥ ಕಡೆಯಿಂದ ಒಳಗೆ ಹೊಡೆದ. 1-1. ನಾನು ಎದ್ದು ನಿಂತು ಬೊಬ್ಬೆ ಹಾಕಿದೆ. ಒಳಗಿನಿಂದ ಒಬ್ಬರೂ ಬಾಗಿಲಿಗೆ ಬಂದು ನೋಡ್ಲಿಲ್ಲ. ಎರಡನೇ ಅರ್ಧದಲ್ಲಿ ನಮ್ಮವರ ಕಾಲು ಸೋತುಹೋಯ್ತು, 1-5.

ನನ್ನ ಪ್ರಶ್ನೆ ಇದು. ಅದೇ ರೂಮಿನಲ್ಲಿ 2022ರ ಡಿಸೆಂಬರ್ 18ಕ್ಕೆ ಅರ್ಜೆಂಟೀನಾ–ಫ್ರಾನ್ಸ್ ಫೈನಲ್ ನೋಡ್ಲಿಕ್ಕೆ ನಿಲ್ಲಲು ಜಾಗ ಇರಲಿಲ್ಲ. ಹಾಗಾದರೆ ನಮ್ಮವರಿಗೆ ಫುಟ್‌ಬಾಲ್ ಬೇಡ ಅಂತ ಹೇಳುವ ಹಾಗೆಯೂ ಇಲ್ಲ. ಗೇಮ್ಸ್ ಬೇಡ ಅಂತಲೂ ಅಲ್ಲ, ನೀರಜ್ ಚೋಪ್ರಾ ಜಾವೆಲಿನ್ ಎಸೆಯುವಾಗ ಎಲ್ಲರೂ ಕೂತು ನೋಡ್ತಾರೆ. ಎರಡೂ ಸೇರಿದಾಗ ಮಾತ್ರ ಯಾಕೆ ಯಾರೂ ಇಲ್ಲ?

ಕಾರ್ಕಳದ ರೈಡರ್

ಅಣ್ಣ, ಬೇಜಾರು ಮಾಡ್ಬೇಡಿ. ನಾನು ಕಬಡ್ಡಿಯವ. ಗೇಮ್ಸ್ ಅಂದ್ರೆ ನಮಗೆ ಪದಕ. ನಮ್ಮ ಕಾರ್ಕಳದ ಮಮತಾ ಪೂಜಾರಿ 2010ರಲ್ಲಿ ಗುವಾಂಗ್‌ಝೌನಿಂದ, 2014ರಲ್ಲಿ ಇಂಚೋನ್‌ನಿಂದ ಚಿನ್ನ ತಂದಿದ್ದಾರೆ. ಸಿದ್ದಾಪುರದ ಅಶ್ವಿನಿ ಅಕ್ಕುಂಜೆ 2010ರಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ. ಮಂಗಳೂರಿನ ಪೂವಮ್ಮ ರಿಲೇಯಲ್ಲಿ ಎಷ್ಟು ಓಡಿದ್ದಾರೆ ಅಂತ ನಿಮಗೇ ಗೊತ್ತುಂಟು. ಅವರನ್ನು ನೋಡ್ತೇವೆ, ಯಾಕಂದ್ರೆ ಅವರು ಓಡಿ ಬೆಳೆದ ಮೈದಾನದಲ್ಲಿ ನಾವೂ ಓಡಿದ್ದೇವೆ. ಫುಟ್‌ಬಾಲ್‌ನಲ್ಲಿ ನಮಗೆ ಕೊನೆಯ ಪದಕ ಬಂದದ್ದು 1970ರಲ್ಲಿ, ಬ್ಯಾಂಕಾಕ್‌ನ ಕಂಚು. ನಾನು ಹುಟ್ಟಿಯೇ ಇರಲಿಲ್ಲ. ಯಾವ ಆಸೆಯಿಂದ ನೋಡುವುದು?

ಕೂಳೂರು ಸಂಕ

ಪದಕ ಒಂದು ಕಾರಣ ಹೌದು. ಆದ್ರೆ ಮೂಲ ಬೇರೆ ಉಂಟು. ಈ ಫುಟ್‌ಬಾಲನ್ನು ಎರಡನೇ ದರ್ಜೆಗೆ ಇಳಿಸಿದ್ದು ಜನ ಅಲ್ಲ, ಅದನ್ನು ನಡೆಸುವವರು.

1930ರಲ್ಲಿ ಫಿಫಾ ತನ್ನದೇ ವಿಶ್ವಕಪ್ ಶುರು ಮಾಡಿತು. ಎರಡೇ ವರ್ಷದಲ್ಲಿ, 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಫುಟ್‌ಬಾಲೇ ಇರಲಿಲ್ಲ. ಆಮೇಲೆ ವಾಪಸ್ ಬಂತು, ಆದ್ರೆ ವಿಶ್ವಕಪ್ಪಿಗೆ ಸಮಾನವಾದದ್ದು ಇನ್ನೊಂದು ಇರ್ಬಾರ್ದು ಅನ್ನುವ ಎಚ್ಚರಿಕೆ ಫಿಫಾಕ್ಕೆ ಯಾವತ್ತೂ ಇತ್ತು. 1992ರಿಂದ ಒಲಿಂಪಿಕ್ಸ್‌ಗೆ 23 ವರ್ಷದೊಳಗಿನವರು ಮಾತ್ರ, 1996ರಿಂದ ಮೂರು ಜನ ಹಿರಿಯರಿಗೆ ಅವಕಾಶ. ಏಷ್ಯನ್ ಗೇಮ್ಸ್ 2002ರಿಂದ ಅದೇ ದಾರಿ ಹಿಡಿಯಿತು. ಇದು ಫಿಫಾದ ಕ್ಯಾಲೆಂಡರಿನಲ್ಲಿ ಇಲ್ಲದ ಟೂರ್ನಿ, ಆಟಗಾರನನ್ನು ಬಿಡ್ಲೇಬೇಕು ಅಂತ ಕ್ಲಬ್ಬಿಗೆ ಯಾವ ಒತ್ತಾಯವೂ ಇಲ್ಲ.

ಇದು ಸಾಲದ್ದಕ್ಕೆ ನಮ್ಮಲ್ಲಿ ಇನ್ನೊಂದು. ಟೀಮ್ ಆಟಗಳಿಗೆ ಏಷ್ಯಾದ ಮೊದಲ ಎಂಟರೊಳಗೆ ಇದ್ದರೆ ಮಾತ್ರ ಕಳಿಸುವುದು ಅಂತ ನಿಯಮ. 2018ರಲ್ಲಿ ಅದೇ ಕಾರಣ ಹೇಳಿ ಫುಟ್‌ಬಾಲ್ ತಂಡವನ್ನು ಜಕಾರ್ತಕ್ಕೆ ಕಳಿಸಲೇ ಇಲ್ಲ. 2023ರಲ್ಲೂ ಮೊದಲು ಇಲ್ಲ ಅಂದರು, ಜುಲೈಯಲ್ಲಿ ನಿಯಮ ಸಡಿಲ ಮಾಡಿದರು. ಅಷ್ಟರಲ್ಲಿ ನಮ್ಮ ದೇಶದ ಕ್ಲಬ್‌ಗಳ ಲೀಗ್, ಐಎಸ್‌ಎಲ್, ತಲೆ ಮೇಲೆ ಬಂದಿತ್ತು. ಕ್ಲಬ್‌ಗಳು ಬಿಡ್ಲಿಲ್ಲ, ಪಟ್ಟಿ ಬದಲಾಗ್ತಾ ಹೋಯ್ತು, ಚೀನಾ ಮ್ಯಾಚಿನ ಹಿಂದಿನ ದಿನ ಸಂಜೆ ತಂಡ ಹಾಂಗ್‌ಝೌ ಮುಟ್ಟಿದ್ದು. ಬಂದರು ಹುಡುಗರೇ, ಎರಡನೇ ಅರ್ಧದಲ್ಲಿ ಕಾಲು ಸೋತದ್ದು ಅದಕ್ಕೇ. ಒಟ್ಟಿಗೆ ಒಂದು ಸರಿಯಾದ ಪ್ರಾಕ್ಟೀಸ್ ಆಗಿರಲಿಲ್ಲ ಅವರಿಗೆ.

ನೀಲಿ ಜೆರ್ಸಿ

ಅದೇ ವಾರದ ಇನ್ನೊಂದು ದಿನ ನೆನಪು ಮಾಡಿ. ಸೆಪ್ಟೆಂಬರ್ 21. ಮಧ್ಯಾಹ್ನ ಹಾಂಗ್‌ಝೌನಲ್ಲಿ ಬಾಂಗ್ಲಾದೇಶದ ವಿರುದ್ಧ ಸುನಿಲ್ ಛೆಟ್ರಿ ಕೊನೆ ಹೊತ್ತಿಗೆ ಪೆನಾಲ್ಟಿ ಹೊಡೆದು 1-0 ಗೆಲ್ಲಿಸಿದರು. ಅದೇ ರಾತ್ರಿ ಕೊಚ್ಚಿಯಲ್ಲಿ ಐಎಸ್‌ಎಲ್‌ನ ಮೊದಲ ಮ್ಯಾಚ್, ಕೇರಳ ಬ್ಲಾಸ್ಟರ್ಸ್ ಮತ್ತು ನಮ್ಮ ಬೆಂಗಳೂರು ಎಫ್‌ಸಿ. ನಾನು ನಾಲ್ಕು ಜನ ಗೆಳೆಯರ ಜೊತೆ ರೈಲು ಹತ್ತಿ ಕೊಚ್ಚಿಗೆ ಹೋಗಿದ್ದೆ. ಸ್ಟೇಡಿಯಂ ಹಳದಿಯೋ ಹಳದಿ. ನಾವು 1-2 ಸೋತೆವು. ಸುತ್ತ ಇದ್ದವರ ಹತ್ತಿರ ಮಧ್ಯಾಹ್ನದ ಗೆಲುವಿನ ಬಗ್ಗೆ ಮಾತಾಡಿದರೆ ಅರ್ಧಕ್ಕರ್ಧ ಜನರಿಗೆ ಸುದ್ದಿಯೇ ಇಲ್ಲ. ನಮ್ಮ ಕ್ಯಾಪ್ಟನ್ ಛೆಟ್ರಿ ನಮ್ಮ ಕ್ಲಬ್ ಬಿಟ್ಟು ದೇಶಕ್ಕೆ ಆಡ್ಲಿಕ್ಕೆ ಹೋಗಿದ್ದಾನೆ, ನಾನು ಆ ಮ್ಯಾಚ್ ಬಿಟ್ಟು ಕ್ಲಬ್ ನೋಡ್ಲಿಕ್ಕೆ ಬಂದಿದ್ದೇನೆ ಅಂತ ವಾಪಸ್ ಬರುವಾಗ ರೈಲಲ್ಲಿ ಅನ್ನಿಸ್ತು. ಆ ಸಂಕಟ ಇನ್ನೂ ಉಂಟು.

ಹಳೆ ಮೇಷ್ಟ್ರು, ಉಡುಪಿ

ಮಕ್ಕಳೇ, ಎಲ್ಲರದ್ದೂ ಓದಿದೆ. ನನ್ನದೊಂದು ಇರಲಿ.

1962ರಲ್ಲಿ ನನಗೆ ಹನ್ನೆರಡು ವರ್ಷ. ಉದಯವಾಣಿ ಬಂದದ್ದು 1970ರಲ್ಲಿ, ಮಂಗಳೂರು ಆಕಾಶವಾಣಿ ಇನ್ನೂ ಈಚೆಗೆ. ಮದ್ರಾಸಿನ ಇಂಗ್ಲಿಷ್ ಪೇಪರು ನಮ್ಮ ಕಡೆಗೆ ಒಂದು ದಿನ ತಡವಾಗಿ ಬರುತ್ತಿತ್ತು. ನಮ್ಮ ಡ್ರಿಲ್ ಮೇಷ್ಟ್ರು ಅದನ್ನು ಹೋಟೆಲಿನಿಂದ ಬೇಡಿ ತಂದು, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಮ್ಮನ್ನು ಅಂಗಳದಲ್ಲಿ ಕೂರಿಸಿ ಜಕಾರ್ತ ಏಷ್ಯನ್ ಗೇಮ್ಸ್‌ನ ಫುಟ್‌ಬಾಲ್ ಫೈನಲ್ ಹೇಳಿದರು. ಮೊದಲ ಮ್ಯಾಚಿನಲ್ಲಿ ದಕ್ಷಿಣ ಕೊರಿಯಾದ ಎದುರು 0-2 ಸೋತ ನಮ್ಮವರು, ಫೈನಲ್‌ನಲ್ಲಿ ಅದೇ ಕೊರಿಯಾವನ್ನು 2-1 ಸೋಲಿಸಿದ ಕಥೆ. ಇಸ್ರೇಲ್, ತೈವಾನ್ ಇವರನ್ನು ಇಂಡೋನೇಷ್ಯಾ ಬಿಟ್ಟುಕೊಳ್ಳಲಿಲ್ಲ ಅಂತ ಏಷ್ಯನ್ ಗೇಮ್ಸ್ ಒಕ್ಕೂಟದಲ್ಲಿದ್ದ ನಮ್ಮ ಸೋಂಧಿಯವರು ಆಕ್ಷೇಪ ಎತ್ತಿದ್ದಕ್ಕೆ ಅಲ್ಲಿನ ಜನ ಭಾರತದ ಮೇಲೆ ಸಿಟ್ಟಾಗಿದ್ದರು. ಸ್ಟೇಡಿಯಂ ತುಂಬಾ ಧಿಕ್ಕಾರ. ನಮ್ಮ ಪರ ಚಪ್ಪಾಳೆ ತಟ್ಟಿದವರು ಪಾಕಿಸ್ತಾನದ ಹಾಕಿ ಆಟಗಾರರು. ಜರ್ನೈಲ್ ಸಿಂಗ್ ಹಣೆಗೆ ಹೊಲಿಗೆ ಬಿದ್ದಿತ್ತು. ಬ್ಯಾಕ್ ಆಡುವವನನ್ನು ಕೋಚ್ ರಹೀಂ ಸಾಹೇಬರು ಮುಂದೆ ಫಾರ್ವರ್ಡ್ ಆಗಿ ನಿಲ್ಲಿಸಿದರು. ಹೊಲಿಗೆ ಹಾಕಿದ ತಲೆಯಿಂದಲೇ ಚೆಂಡಿಗೆ ಹೋಗುತ್ತಿದ್ದ ಎಂದು ಹೇಳುವಾಗ ನಮ್ಮ ಮೇಷ್ಟ್ರು ಹೆಗಲ ಬೈರಾಸನ್ನು ತಮ್ಮ ಹಣೆಗೇ ಕಟ್ಟಿ ತೋರಿಸಿದರು. ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಜರ್ನೈಲ್ ಒಂದು ಗೋಲು. ರಹೀಂ ಸಾಹೇಬರು ಮರುವರ್ಷ ಜೂನ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ನಾನು ಆ ಮ್ಯಾಚಿನ ಒಂದು ಚಿತ್ರವನ್ನೂ ನೋಡಿದವನಲ್ಲ. ಆದರೂ ನನಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಉಂಟು, ಹೇಳುವವರು ಇದ್ದರು ಎಂಬ ಕಾರಣಕ್ಕೆ. 1948ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ರಾಮನ್ ಬೆಂಗಳೂರಿನವರು. 1951ರ ದೆಹಲಿ ಗೇಮ್ಸ್‌ನಲ್ಲಿ ಇರಾನನ್ನು 1-0 ಸೋಲಿಸಿ ಮೊದಲ ಚಿನ್ನ ಗೆದ್ದ ತಂಡದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರು. ನಮ್ಮ ರಾಜ್ಯದ ಎಷ್ಟು ಮಕ್ಕಳಿಗೆ ಯಾರಾದರೂ ಈ ಹೆಸರು ಹೇಳಿದ್ದೇವೆ? ಮೂವತ್ತೆರಡು ವರ್ಷ ಪಾಠ ಮಾಡಿದ ನಾನೇ ಹೇಳಿದ್ದು ಕಡಿಮೆ. ಅದು ನನ್ನ ತಪ್ಪು.

ಕಾರ್ಕಳದ ರೈಡರ್

ಮೇಷ್ಟ್ರೇ, ಬೈರಾಸಿನ ಕಥೆ ಓದಿ ಮೈ ಜುಮ್ ಅಂತು.

ಮಲ್ಪೆ ಗಾಳಿ

ನಮ್ಮಲ್ಲಿ ಮಾತ್ರ ಹೀಗೆ ಅಂತ ಅಂದ್ಕೊಳ್ಬೇಡಿ. ನಾನು 2012ರಲ್ಲಿ ಓದ್ಲಿಕ್ಕೆ ಗ್ಲಾಸ್ಗೋದಲ್ಲಿದ್ದೆ. ಲಂಡನ್ ಒಲಿಂಪಿಕ್ಸ್‌ನ ಫುಟ್‌ಬಾಲ್ ಮ್ಯಾಚುಗಳಲ್ಲಿ ಕೆಲವು ಅಲ್ಲಿನ ಹ್ಯಾಂಪ್‌ಡೆನ್ ಪಾರ್ಕಿನಲ್ಲಿ. ಫುಟ್‌ಬಾಲ್ ಹುಟ್ಟಿದ ದೇಶ, ಆ ಊರಂತೂ ಚೆಂಡಿಗಾಗಿ ಪ್ರಾಣ ಬಿಡುವ ಊರು. ಆದ್ರೂ ಟಿಕೆಟ್ ಖರ್ಚಾಗದೆ ಸಂಘಟಕರು ಬೇರೆ ಬೇರೆ ಸ್ಟೇಡಿಯಂಗಳ ಮೇಲಿನ ಸಾಲುಗಳನ್ನೇ ಮುಚ್ಚಿ, ಐದು ಲಕ್ಷದಷ್ಟು ಫುಟ್‌ಬಾಲ್ ಟಿಕೆಟ್ ಮಾರಾಟದಿಂದ ಹಿಂದೆ ತೆಗೆದರು.

ನಾನು ಹೋದದ್ದು ಜುಲೈ 25ಕ್ಕೆ, ಉದ್ಘಾಟನೆಗೆ ಇನ್ನೂ ಎರಡು ದಿನ ಇತ್ತು. ಉತ್ತರ ಕೊರಿಯಾ ಮತ್ತು ಕೊಲಂಬಿಯಾ ಹೆಂಗಸರ ಮ್ಯಾಚ್. ದೊಡ್ಡ ಪರದೆಯಲ್ಲಿ ಉತ್ತರ ಕೊರಿಯಾದ ಹುಡುಗಿಯರ ಮುಖದ ಪಕ್ಕ ದಕ್ಷಿಣ ಕೊರಿಯಾದ ಬಾವುಟ ತೋರಿಸಿಬಿಟ್ಟರು. ಅವರು ಸೀದಾ ಒಳಗೆ ಹೋದರು. ಒಂದು ಗಂಟೆಗಿಂತ ಹೆಚ್ಚು ಕಾದೆವು. ಕೊನೆಗೆ ಬಂದು ಆಡಿ 2-0 ಗೆದ್ದರು. ನನ್ನ ಸಾಲಿನಲ್ಲಿ ನಾನೊಬ್ಬನೇ, ಹಿಂದೆ ಒಂದು ಅಜ್ಜ ಮೊಮ್ಮಗಳು. ಆ ದೊಡ್ಡ ಸ್ಟೇಡಿಯಂನಲ್ಲಿ ಆಟಗಾರ್ತಿಯರು ಒಬ್ಬರನ್ನೊಬ್ಬರು ಕರೆಯುವ ಸ್ವರ ಮೇಲಿನವರೆಗೆ ಸ್ಪಷ್ಟ ಕೇಳ್ತಿತ್ತು.

ಆದ್ರೆ ಕೇಳಿ, ಅದೇ ಗೇಮ್ಸ್‌ನ ಹೆಂಗಸರ ಫೈನಲ್, ಅಮೆರಿಕ–ಜಪಾನ್, ವೆಂಬ್ಲಿಯಲ್ಲಿ 80,203 ಜನ. ಹಿಂದಿನ ವರ್ಷ ವಿಶ್ವಕಪ್ ಫೈನಲ್ ಆಡಿದವರೇ ಮತ್ತೆ ಎದುರುಬದುರು, ಹಾಗಾಗಿ ಎಲ್ಲರಿಗೂ ಹಿಂದು ಮುಂದು ಗೊತ್ತಿತ್ತು. ಗೇಮ್ಸ್‌ನ ಫುಟ್‌ಬಾಲ್ ಊರೂರು ಹಂಚಿಹೋಗ್ತದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಒಂದು ಫುಟ್‌ಬಾಲ್ ಮ್ಯಾಚೂ ಅಟ್ಲಾಂಟಾದಲ್ಲಿ ನಡೆದಿಲ್ಲ. 2024ರಲ್ಲಿ ಪ್ಯಾರಿಸ್ ಬಿಟ್ಟು ಮಾರ್ಸೆ, ಲಿಯೋಂ, ನಾಂತ್, ಬೋರ್ಡೊ, ನೀಸ್, ಸೇಂತ್ ಎತಿಯೆನ್. ಜಾತ್ರೆ ಒಂದು ಕಡೆ, ಇವರ ಅಂಗಡಿ ಇನ್ನೊಂದು ಕಡೆ ಹಾಕಿದ ಹಾಗೆ.

ಪಣಂಬೂರು

ಕಾಮನ್‌ವೆಲ್ತ್ ಗೇಮ್ಸ್‌ನಲ್ಲಂತೂ ಫುಟ್‌ಬಾಲ್ ಇಲ್ಲವೇ ಇಲ್ಲ. ಅಲ್ಲಿ 2022ರವರೆಗೆ ರಗ್ಬಿ ಸೆವೆನ್ಸ್ ಇತ್ತು.

ಅಂಡರ್‌ಆರ್ಮ್

ನಂಗೆ ಒಂದು ಒಪ್ಪಿಗೆ ಆಗುದಿಲ್ಲ. ಮುಖ್ಯ ತಂಡ ಹೋಗ್ಲಿಲ್ಲ, ಹಾಗಾಗಿ ಜನ ನೋಡ್ಲಿಲ್ಲ ಅಂತೀರಿ. ಹಾಂಗ್‌ಝೌಗೆ ಕ್ರಿಕೆಟ್‌ನ ಮುಖ್ಯ ತಂಡವೂ ಹೋಗಿರಲಿಲ್ಲ. ಇಲ್ಲಿ ವಿಶ್ವಕಪ್ ಇತ್ತು, ರುತುರಾಜ್ ಕೈಗೆ ಹುಡುಗರ ತಂಡ ಕೊಟ್ಟು ಕಳಿಸಿದರು. ಅಫ್ಘಾನಿಸ್ತಾನದ ಜೊತೆ ಫೈನಲ್ ಮಳೆಗೆ ಹೋಯ್ತು, ರ‍್ಯಾಂಕಿಂಗ್ ನೋಡಿ ಚಿನ್ನ ಕೊಟ್ಟರು. ಆದ್ರೂ ನಾವು ನೋಡಿದೆವು.

ಬಂದರು ಹುಡುಗ

ಒಳ್ಳೆ ಮಾತು. ಆದರೆ ಆ ಹುಡುಗರನ್ನು ಐಪಿಎಲ್‌ನಲ್ಲಿ ಎರಡು ತಿಂಗಳು ದಿನಾ ರಾತ್ರಿ ನೋಡಿದ್ದೆವು. ರಿಂಕು ಸಿಂಗ್ ಐದು ಸಿಕ್ಸ್ ಹೊಡೆದದ್ದು ಅದೇ ವರ್ಷ ಏಪ್ರಿಲ್‌ನಲ್ಲಿ. ಎರಡನೇ ತಂಡ ಆದರೂ ಎಲ್ಲ ಮುಖ ಪರಿಚಯ. ನಮ್ಮ ಫುಟ್‌ಬಾಲ್ ತಂಡದಲ್ಲಿ ಛೆಟ್ರಿ, ಝಿಂಗನ್ ಬಿಟ್ಟರೆ ನೀವು ಎಷ್ಟು ಹೆಸರು ಹೇಳ್ತೀರಿ? ನನಗೇ ಹನ್ನೊಂದು ಹೇಳ್ಲಿಕ್ಕೆ ಆಗ್ಲಿಲ್ಲ, ನಾನು ಇಪ್ಪತ್ತು ವರ್ಷದಿಂದ ಫುಟ್‌ಬಾಲ್ ನೋಡ್ತಾ ಬಂದವ.

ಡ್ರಿಲ್ ಟೀಚರ್, ಕುಂದಾಪುರ ಕಡೆ

ಇಷ್ಟು ಹೊತ್ತು ಎಲ್ಲರೂ ನಮ್ಮ ದೇಶದ ಗಂಡಸರ ತಂಡದ ಬಗ್ಗೆಯೇ ಮಾತಾಡಿದ್ರಿ. ಮೇಲೆ ಹೇಳಿದ 23 ವರ್ಷದ ಮಿತಿ ಹೆಂಗಸರಿಗೆ ಇಲ್ಲ. ಅಲ್ಲಿಗೆ ಹೋಗುವುದು ಪೂರ್ತಿ ಹಿರಿಯರ ತಂಡ. ಹಾಂಗ್‌ಝೌನಲ್ಲಿ ನಮ್ಮ ಹೆಂಗಸರು ಚೈನೀಸ್ ತೈಪೆ ವಿರುದ್ಧ ಅಂಜು ತಮಾಂಗ್ ಗೋಲಿನಿಂದ ಮುಂದೆ ಇದ್ದು 1-2 ಸೋತರು, ಥಾಯ್ಲೆಂಡ್ ಎದುರು 0-1. ಎರಡೂ ಒಂದೇ ಗೋಲಿನ ಅಂತರ. ಯಾರಾದ್ರೂ ನೋಡಿದ್ರಾ?

ನಾನು ಒಂದು ಹೈಸ್ಕೂಲಿನಲ್ಲಿ ಆಟದ ಟೀಚರ್. ಹದಿನಾಲ್ಕು ಹುಡುಗಿಯರ ತಂಡ ಕಟ್ಟಿದ್ದೇನೆ. ಬೂಟು ಒಂಬತ್ತು ಜೊತೆ, ಹಾಗಾಗಿ ಮೊದಲಾರ್ಧ ಆಡಿದವಳು ಬಿಚ್ಚಿ ಕೊಟ್ಟದ್ದನ್ನು ಎರಡನೇ ಅರ್ಧಕ್ಕೆ ಇಳಿಯುವವಳು ಮೂತಿಗೆ ಬಟ್ಟೆ ತುರುಕಿ ಹಾಕ್ಕೊಳ್ತಾಳೆ. ಹೋದ ವರ್ಷ ತಾಲೂಕು ಮಟ್ಟದ ಪಂದ್ಯಾಟಕ್ಕೆ ಎರಡು ವಾರ ಇರುವಾಗ ನಾವು ಪ್ರಾಕ್ಟೀಸ್ ಮಾಡುವ ಮೈದಾನವನ್ನು ಹೊನಲು ಬೆಳಕಿನ ಕ್ರಿಕೆಟಿಗೆ ಕೊಟ್ಟುಬಿಟ್ಟರು. ಪಿಚ್ಚಿಗೆ ಹಾಕಿದ ಕೆಂಪು ಮಣ್ಣು ನಡುವೆ ಗಟ್ಟಿಯಾಗಿ ಕೂತಿತ್ತು, ಕಂಬ ನೆಟ್ಟ ಗುಂಡಿ ಹಾಗೇ ಬಿಟ್ಟಿದ್ದರು. ನಮ್ಮ ಗೋಲಿಯ ಕಾಲು ಅದಕ್ಕೇ ಸಿಕ್ಕಿ ಉಳುಕಿತು. ಅವಳು ಒಂಬತ್ತನೇ ಕ್ಲಾಸ್. "ಟೀಚರ್, ನಮ್ಮ ಆಟ ಆಟ ಅಲ್ವಾ?" ಅಂತ ಕೇಳಿದಳು. ಏಷ್ಯನ್ ಗೇಮ್ಸ್‌ನ ಖಾಲಿ ಕುರ್ಚಿ ಬಗ್ಗೆ ಮಾತಾಡುವಾಗ ನನಗೆ ಆ ಗುಂಡಿ ನೆನಪಾಗ್ತದೆ.

ಬೆಂಗ್ರೆ ಬ್ಯಾಕ್

ಟೀಚರ್, ಬೂಟಿನ ವಿಷಯ ಇಲ್ಲಿ ಬಿಡಿ, ನಾವು ಮಾತಾಡುವಾ. ನಮ್ಮ ಹುಡುಗರ ಸಣ್ಣ ಸೈಜಿನ ಹಳೆ ಬೂಟು ಕೆಲವು ಉಂಟು.

ನಾನು ಕಸಬಾ ಬೆಂಗ್ರೆಯವ. ಒಂದು ಬದಿ ಹೊಳೆ, ಒಂದು ಬದಿ ಸಮುದ್ರ, ನಡುವಿನ ಹೊಯಿಗೆಯಲ್ಲಿ ನಮ್ಮ ಊರು. ಚೆಂಡು ಹಿಡಿಯದ ಮಗು ನಮ್ಮಲ್ಲಿ ಇಲ್ಲ. ಹೊಯಿಗೆಯಲ್ಲಿ ಆಡಿದ ಕಾಲು ಹುಲ್ಲಿನ ಮೇಲೆ ಹಾರ್ತದೆ, ಇದು ನಮ್ಮ ಹಿರಿಯರ ಮಾತು. ನೆಹರೂ ಮೈದಾನಕ್ಕೆ ಮ್ಯಾಚಿಗೆ ಹೋಗುವಾಗ ಫೆರಿಯಲ್ಲಿ ದಾಟಿ ಹಳೆ ಬಂದರಿನಲ್ಲಿ ಇಳಿದು ನಡೀತೇವೆ, ಬೂಟಿನ ಲೇಸ್ ಗಂಟು ಹಾಕಿ ಹೆಗಲಿಗೆ.

ಆಗಸ್ಟ್ ತಿಂಗಳಿನ ಮ್ಯಾಚ್ ಯಾರಾದ್ರೂ ಬಂದು ನೋಡಿ. ಮಳೆ ಸುರೀತಾ ಇರ್ತದೆ. ಗೋಲ್ ಪೋಸ್ಟಿನ ಎದುರು ಮೊಣಕಾಲಿನಷ್ಟು ಕೆಸರು, ನೆಲದಲ್ಲಿ ಪಾಸ್ ಕೊಟ್ಟರೆ ಚೆಂಡು ನೀರಲ್ಲಿ ಸತ್ತು ಕೂತ್ಕೊಳ್ತದೆ, ಎತ್ತಿ ಹೊಡೀಬೇಕು. ಅರ್ಧ ಗಂಟೆಯಲ್ಲಿ ಎರಡು ತಂಡದ ಜೆರ್ಸಿಗೂ ಒಂದೇ ಬಣ್ಣ. ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಇಳಿದವರು ಕೊಡೆ ಹಿಡಿದು ಬೇಲಿಗೆ ಒರಗಿ ನಿಂತವರು ಮನೆಗೆ ಹೋಗುವ ಬಸ್ಸು ಬಿಡ್ತಾರೆ. ದಕ್ಕೆಯಿಂದ ಕೆಲಸ ಮುಗಿಸಿ ಬಂದವರು, ಕಾಲೇಜು ಮಕ್ಕಳು, ಚರುಮುರಿ ಗಾಡಿಯವ ಕೂಡ ಕಾರ್ನರ್ ಬಂದರೆ ಕೈ ನಿಲ್ಲಿಸ್ತಾನೆ. ಅಲ್ಲಿ ಮೈದಾನದಲ್ಲಿ ಇರುವ ಪ್ರತಿಯೊಬ್ಬನ ಜಾತಕ ಹೊರಗಿನವರಿಗೆ ಗೊತ್ತು. ಇವ ಐಸ್ ಪ್ಲಾಂಟಿನಲ್ಲಿ ರಾತ್ರಿ ಪಾಳಿ ಮಾಡಿ ಬಂದವ, ಇವನ ಅಪ್ಪ ಎಂಬತ್ತರ ದಶಕದಲ್ಲಿ ಇದೇ ಜಾಗದಲ್ಲಿ ಬ್ಯಾಕ್ ಆಡಿದವ, ಅವನಿಗೆ ಎಡಗಾಲಲ್ಲಿ ಹೊಡೀಲಿಕ್ಕೆ ಬರುದಿಲ್ಲ, ಬಲಗಾಲಿಗೆ ಚೆಂಡು ಬಿಡ್ಬೇಡ.

ನಮಗೆ ಬೇಕಾದದ್ದು ಅದು. ಪರಿಚಯ. ಕರ್ನಾಟಕ 2023ರ ಮಾರ್ಚ್‌ನಲ್ಲಿ 54 ವರ್ಷದ ನಂತರ ರಾಜ್ಯ ರಾಜ್ಯಗಳು ಆಡುವ ಸಂತೋಷ್ ಟ್ರೋಫಿ ಗೆದ್ದಿತು, ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಅರ್ಧ ಶತಮಾನ! ಊರಲ್ಲಿ ಒಂದು ಬ್ಯಾನರ್ ಕಾಣ್ಲಿಲ್ಲ ನಾನು. ಮೆಸ್ಸಿಯ ಕಟೌಟು ಹಾಕಿದ ನಾವೇ ಅದನ್ನು ಹಾಕ್ಲಿಲ್ಲ, ಇನ್ನೊಬ್ಬರನ್ನು ಏನು ಹೇಳುವುದು.

ಕೂಳೂರು ಸಂಕ

ಬೆಂಗ್ರೆಯವರ ಮಾತಿಗೆ ಒಂದು ಸೇರಿಸ್ತೇನೆ. 2018ರ ಜಕಾರ್ತ ಗೇಮ್ಸ್‌ನಲ್ಲಿ ಕೊರಿಯಾದ ಸನ್ ಹ್ಯೂಂಗ್ ಮಿನ್ ಬಂದಿದ್ದ. ಚಿನ್ನ ಗೆದ್ದರೆ 21 ತಿಂಗಳ ಮಿಲಿಟರಿ ಸೇವೆಯಿಂದ ವಿನಾಯಿತಿ, ಇಲ್ಲದಿದ್ದರೆ ಯುರೋಪಿನ ಆಟವೇ ಅರ್ಧಕ್ಕೆ ನಿಲ್ಲುವ ಸ್ಥಿತಿ. ಅವನ ಇಂಗ್ಲೆಂಡಿನ ಕ್ಲಬ್ ಟಾಟನ್‌ಹ್ಯಾಂ ಅವನನ್ನು ಬಿಟ್ಟುಕೊಟ್ಟಿತು. ಲೀಗ್ ಹಂತದಲ್ಲಿ ಮಲೇಷ್ಯಾದ ಎದುರು 1-2 ಸೋತಾಗ ಅವರ ಎದೆ ಒಡೆದ ಹಾಗಾಗಿತ್ತು. ಫೈನಲ್‌ನಲ್ಲಿ ಜಪಾನನ್ನು ಹೆಚ್ಚುವರಿ ಸಮಯದಲ್ಲಿ 2-1. ಅದೇ ಟೂರ್ನಿ, ಅದೇ 23 ವರ್ಷದ ನಿಯಮ. ಆದ್ರೆ ಅವರಿಗೆ ಯಾರು ಆಡ್ತಾರೆ, ಸೋತರೆ ಏನಾಗ್ತದೆ, ಎರಡೂ ಗೊತ್ತಿತ್ತು. ನಮ್ಮ ತಂಡ ಯಾರದ್ದು ಅಂತ ನಮಗೆ ತಿಳಿಯುವ ಮೊದಲೇ ಟೂರ್ನಿ ಮುಗಿದಿರ್ತದೆ. ಹಾಂಗ್‌ಝೌನಲ್ಲಿ ನಾವು ಸೌದಿ ಎದುರು 0-2 ಸೋತು ಹೊರಬಿದ್ದದ್ದು ಸೆಪ್ಟೆಂಬರ್ 28ಕ್ಕೆ. ಚೀನಾ ಮ್ಯಾಚಿನಿಂದ ಲೆಕ್ಕ ಹಾಕಿದರೆ ಒಂಬತ್ತು ದಿನ.

ಕಾರ್ಕಳದ ರೈಡರ್

ಈಗ ನನಗೆ ಅರ್ಥ ಆಯ್ತು. ಪದಕ ಅಂತ ಮೊದಲು ಹೇಳಿದೆ, ಪೂರ್ತಿ ಸರಿ ಅಲ್ಲ ಅದು. ಮಮತಕ್ಕ ಪದಕ ತರುವ ಮೊದಲೇ ನಾವು ಅವರ ಮ್ಯಾಚ್ ನೋಡ್ಲಿಕ್ಕೆ ಹೋಗ್ತಿದ್ದೆವು.

ಬಂದರು ಹುಡುಗ

ಹೌದು ಮಾರಾಯ್ರೆ, ನಾನು ಎರಡು ವರ್ಷದಿಂದ ಆ ರೂಮಿನವರ ಮೇಲೆ ಸಿಟ್ಟು ಇಟ್ಕೊಂಡದ್ದು. "ಯಾವ ಇಂಡಿಯಾ" ಅಂದವರಿಗೆ ಆ ಇಂಡಿಯಾವನ್ನು ಯಾರೂ ತೋರಿಸಿರಲಿಲ್ಲ. ನಾನೂ ತೋರಿಸಿರಲಿಲ್ಲ, ಮ್ಯಾಚ್ ಶುರುವಾಗುವ ಹೊತ್ತಿಗೆ ಹೋಗಿ ಚಾನೆಲ್ ಕೇಳಿದೆ ಅಷ್ಟೆ.

ಐಚಿ-ನಗೋಯಾ ಗೇಮ್ಸ್ 2026ರ ಸೆಪ್ಟೆಂಬರ್ 19ಕ್ಕೆ ಶುರು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಏಳೂವರೆಯ ಮ್ಯಾಚ್ ಅಂದ್ರೆ ಇಲ್ಲಿ ಸಂಜೆ ನಾಲ್ಕು. ಬಂದರಿನ ಹತ್ತಿರ ಗೆಳೆಯನ ಒಂದು ಗೋಡೌನ್ ಖಾಲಿ ಉಂಟು, ಪ್ರೊಜೆಕ್ಟರ್ ಬಾಡಿಗೆಗೆ ಸಿಗ್ತದೆ. ತಂಡ ಯಾವುದೇ ಇರಲಿ, ಆಡುವವರ ಫೋಟೋ, ಊರು, ಎಲ್ಲಿ ಆಡಿ ಬೆಳೆದವರು ಅಂತ ಕನ್ನಡದಲ್ಲಿ ಬರೆದು ಒಂದು ವಾರ ಮೊದಲೇ ಗೋಡೆಗೆ ಅಂಟಿಸುವಾ ಅಂತ. ಮೇಷ್ಟ್ರೇ, ಮೊದಲ ದಿನ ನೀವು ಬಂದು ಜಕಾರ್ತದ್ದು ಹೇಳ್ಬೇಕು.

ಹಳೆ ಮೇಷ್ಟ್ರು, ಉಡುಪಿ

ಬರುತ್ತೇನೆ. ಎಕ್ಸ್‌ಪ್ರೆಸ್ ಬಸ್ಸಿಗೆ ಹತ್ತಿಸಲಿಕ್ಕೆ ಮೊಮ್ಮಗ ಇದ್ದಾನೆ. ಬೈರಾಸು ತರುತ್ತೇನೆ.

ಡ್ರಿಲ್ ಟೀಚರ್, ಕುಂದಾಪುರ ಕಡೆ

ಹೆಂಗಸರ ಮ್ಯಾಚ್ ಕೂಡ ಹಾಕ್ತೀರಾ? ನಮ್ಮ ದೇಶದ್ದೇ ಆಗ್ಬೇಕಂತ ಇಲ್ಲ, ಜಪಾನ್–ಕೊರಿಯಾ ಆದ್ರೂ ಸಾಕು. ನನ್ನ ಹುಡುಗಿಯರು ದೊಡ್ಡವರು ಆಡುವುದನ್ನು ಮೊಬೈಲ್ ಬಿಟ್ಟು ಬೇರೆಲ್ಲೂ ನೋಡಿಲ್ಲ. ಹದಿನಾಲ್ಕು ಜನ, ನಾನೊಬ್ಬಳು. ಸಂಜೆ ಏಳರ ಬಸ್ಸಿಗೆ ವಾಪಸ್ ಹೊರಡ್ಬೇಕು.

ಬಂದರು ಹುಡುಗ

ಹಾಕುವಾ ಟೀಚರ್. ಅವರಿಗೆ ಮುಂದಿನ ಸಾಲು.

ಬೆಂಗ್ರೆ ಬ್ಯಾಕ್

ಟೀಚರ್, ಗೋಲಿಯ ಕಾಲಿನ ಸೈಜ್ ಎಷ್ಟು?